ನೋಯದ ಪಾದ

ನಮ್ಮವರ ಕಾಲಿಗೆ ನೋವಾಗುತ್ತಿರಲಿಲ್ಲ. ಇದನ್ನು ಹೊಗಳಿಕೆಯಾಗಿ ಹೇಳುತ್ತಿಲ್ಲ, ಕಾಯಿಲೆಯಾಗಿ ಹೇಳುತ್ತಿದ್ದೇನೆ. ಅರಸೀಕೆರೆಯಿಂದ ಧರ್ಮಸ್ಥಳಕ್ಕೆ ನಡೆಯಲು ಹೊರಟ ನಮ್ಮ ತಂಡದಲ್ಲಿ ಈ ಎರಡರ ವ್ಯತ್ಯಾಸ ಗೊತ್ತಿದ್ದವಳು ನಾನೊಬ್ಬಳೇ. ನನ್ನ ಮಾತಿಗೆ ಅಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಾನು ನಮ್ಮ ಮನೆಯ ಹಿತ್ತಲ ಗಿಡ.

ಮೊದಲು ಗೊತ್ತಾದದ್ದು ಚಪ್ಪಲಿಯಿಂದ. ನಮ್ಮವರಿಗೆ ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ. ಸಂಜೆ ಮಂಡಿಯಿಂದ ಮನೆಗೆ ಬರುವಾಗ ಒಂದು ಕಾಲಲ್ಲಿ ಚಪ್ಪಲಿ ಇರುತ್ತಿತ್ತು, ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಎಲ್ಲಿ ಅಂದರೆ ಕಾಲು ನೋಡಿಕೊಂಡು, "ಅರೆ, ಎಲ್ಲೋ ಬಿದ್ದೈತೆ" ಅನ್ನುವರು. ಕಾಲಿಂದ ಚಪ್ಪಲಿ ಕಳಚಿದ್ದೂ ಗೊತ್ತಾಗದೆ ಬೀದಿಯುದ್ದ ನಡೆದುಬಂದಿರುತ್ತಿದ್ದರು. ಮರೆವು ಅಂದುಕೊಂಡೆ. ಆಮೇಲೆ ಹಾಸನದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು ಬಿರುಸಾದ ಸಣ್ಣ ನೈಲಾನ್ ದಾರದ ತುದಿಯಿಂದ ಪಾದಕ್ಕೆ ಅಲ್ಲಲ್ಲಿ ಚುಚ್ಚುತ್ತಾ, "ಈಗ ಗೊತ್ತಾಯ್ತಾ, ಈಗ?" ಎಂದು ಕೇಳಿದರು. ನಮ್ಮವರು ಕಣ್ಣು ಮುಚ್ಚಿಕೊಂಡು, "ಎಲ್ಲಿ ಚುಚ್ತಾ ಇದೀರಿ, ಇನ್ನೂ ಶುರುನೇ ಮಾಡ್ಲಿಲ್ವಲ್ಲ" ಎಂದರು.

ಡಾಕ್ಟರು ದಾರ ಕೆಳಗಿಟ್ಟು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ಸಕ್ಕರೆ ಕಾಯಿಲೆ ನರಕ್ಕೆ ಇಳಿದಿದೆ. ಕಾಲಿಗೆ ಏನಾದ್ರೂ ಚುಚ್ಚಿದ್ರೆ, ಸುಟ್ರೆ ನಿಮಗೆ ಗೊತ್ತಾಗಲ್ಲ. ಗೊತ್ತಾಗೋ ಹೊತ್ತಿಗೆ ಕಾಲು ಉಳಿಯಲ್ಲ. ಮನೆ ಒಳಗೂ ಬರಿಗಾಲಲ್ಲಿ ಓಡಾಡಬೇಡಿ. ಮಾತ್ರೆ ಸಾಲದು, ಇನ್ನು ಮೇಲೆ ಇನ್ಸುಲಿನ್ ತಗೊಳ್ಳಿ. ದಿನಾ ನಡೀರಿ."

ಇಷ್ಟರಲ್ಲಿ ನಮ್ಮವರ ಕಿವಿಗೆ ಬಿದ್ದದ್ದು ಒಂದೇ ಒಂದು ಮಾತು, ನಡೀರಿ. ಸೂಜಿಗೆ ಅವರು ಮಗುವಿನ ಹಾಗೆ ಹೆದರುತ್ತಿದ್ದರು. ಒಂದು ವಾರ ಮುಖ ಊದಿಸಿಕೊಂಡಿದ್ದು ಕೊನೆಗೆ ಒಂದು ಬೆಳಗ್ಗೆ ದೇವರ ಮನೆಯಿಂದ ಹೊರಗೆ ಬಂದು, ಸ್ವಾಮಿಗೆ ಹರಕೆ ಕಟ್ಟಿಕೊಂಡಿದ್ದೇನೆ ಎಂದರು. ಸೂಜಿ ಇಲ್ಲದೆ ಸಕ್ಕರೆ ಇಳಿಸು, ಶಿವರಾತ್ರಿಗೆ ಬರಿಗಾಲಲ್ಲಿ ಜೋಡಿಯಾಗಿ ನಡೆದು ಬರುತ್ತೇವೆ ಎಂದು. ಜೋಡಿಯಲ್ಲಿ ಇನ್ನೊಬ್ಬಳು ನಾನು, ನನ್ನನ್ನು ಕೇಳಿದವರು ಯಾರು?

ಡಾಕ್ಟರು ಬರಿಗಾಲಲ್ಲಿ ಓಡಾಡಬೇಡಿ ಅಂದಿದ್ದಾರಲ್ಲ ಎಂದೆ. "ಡಾಕ್ಟ್ರು ನಡಿ ಅಂದ್ರು. ಸ್ವಾಮೀನೂ ನಡಿ ಅಂತಾನೆ. ಇಬ್ರೂ ಒಂದೇ ಹೇಳಿದ್ಮೇಲೆ ಮಧ್ಯ ನಿಂದೇನೇ?" ಎಂದರು. ಮಾತ್ರೆಯನ್ನೂ ಅವತ್ತಿನಿಂದಲೇ ಬಿಟ್ಟರು. ದೇವರ ಮೇಲೆ ಭಾರ ಹಾಕಿದ ಮೇಲೆ ಮಾತ್ರೆ ನುಂಗಿದರೆ ನಂಬಿಕೆಗೆ ಕುಂದಂತೆ. ನಾನು ಮೂವತ್ತು ಮಕ್ಕಳ ತರಗತಿಯನ್ನು ಒಂದು ನೋಟದಲ್ಲಿ ಸುಮ್ಮನಿರಿಸುವ ಮೇಡಂ. ಮನೆಯಲ್ಲಿ ಒಬ್ಬ ಗಂಡಸಿಗೆ ಬುದ್ಧಿ ಹೇಳಲಾರದೆ ರಜೆ ಹಾಕಿ ಅವರ ಹಿಂದೆ ಹೊರಟೆ.

ಹೋಗದೆ ಇರಬಹುದಿತ್ತಲ್ಲ ಎಂದು ಈಗ ಎಲ್ಲರೂ ಕೇಳುತ್ತಾರೆ. ಹೋಗದಿದ್ದರೆ ಆ ಕಾಲನ್ನು ನೋಡುವವರು ಯಾರಿದ್ದರು? ನಾನು ನಡೆದದ್ದು ದೇವರಿಗಾಗಿ ಅಲ್ಲ, ಆ ಎರಡು ಪಾದಗಳನ್ನು ಕಾವಲು ಕಾಯುವುದಕ್ಕೆ. ಚೀಲದಲ್ಲಿ ಹತ್ತಿ, ಮುಲಾಮು, ಪಟ್ಟಿ, ಜೊತೆಗೆ ಸಕ್ಕರೆ ಕಾಯಿಲೆಯವರಿಗೆಂದೇ ಹಾಸನದಲ್ಲಿ ಮಾಡಿಸಿದ ಮೆತ್ತನೆಯ ಚಪ್ಪಲಿ ಇಟ್ಟುಕೊಂಡಿದ್ದೆ. ದಾರಿಯಲ್ಲಿ ಎಲ್ಲಾದರೂ ಮನಸ್ಸು ಬದಲಾದೀತು ಎಂಬ ಆಸೆ.

ಮೊದಲ ದಿನ ಬಾಣಾವರದ ಮೇಲೆ ಜಾವಗಲ್ಲಿಗೆ ಬಂದು ತಂಗಿದೆವು. ಎರಡನೆಯ ದಿನದ್ದು ದೊಡ್ಡ ನಡಿಗೆ, ಜಾವಗಲ್ಲಿನಿಂದ ಹಳೇಬೀಡು, ಅಲ್ಲಿಂದ ಬೇಲೂರು. ಬೆಳಗ್ಗೆ ಎದ್ದು ನನ್ನ ಪಾದ ನೋಡಿಕೊಂಡೆ. ಹಿಮ್ಮಡಿಯಲ್ಲಿ, ಹೆಬ್ಬೆರಳ ಬುಡದಲ್ಲಿ ನೀರುಗುಳ್ಳೆ ಎದ್ದಿದ್ದವು. ನೆಲಕ್ಕೆ ಊರಿದರೆ ಜೀವ ಬಾಯಿಗೆ ಬರುತ್ತಿತ್ತು. ನಮ್ಮವರ ಪಾದದಲ್ಲೂ ಗುಳ್ಳೆಗಳಿದ್ದವು, ನನಗಿಂತ ದೊಡ್ಡವು. ಅವರು ಅವುಗಳ ಮೇಲೆಯೇ ದಡದಡ ನಡೆದುಹೋಗಿ ಹಲ್ಲುಜ್ಜಿ ಬಂದರು.

ಇದನ್ನು ಮೊದಲು ಕಂಡದ್ದು ಅವರ ಅಕ್ಕ, ನನ್ನ ಅತ್ತಿಗೆ. ಗಂಡ ಸತ್ತ ಮೇಲೆ ವರ್ಷವರ್ಷವೂ ನಡೆಯುವ ಹೆಂಗಸು, ತಂಡದ ಅಡುಗೆ, ನೀರು ಎಲ್ಲಾ ಅವರದೇ ಮೇಲ್ವಿಚಾರಣೆ. ನಾನು ಗೋಡೆ ಹಿಡಿದುಕೊಂಡು ಕುಂಟುವುದನ್ನು ನೋಡಿ, "ನೋಡಮ್ಮ, ಅವನಿಗೂ ಅದೇ ರೋಡು, ನಿನಗೂ ಅದೇ ರೋಡು. ಅವನು ಹುಟ್ದಾಗಿಂದ ಸ್ವಾಮಿ ಸ್ವಾಮಿ ಅಂತ ನಂಬ್ಕೊಂಡವ್ನೆ. ನೀನು ಪುಸ್ತಕ ನಂಬ್ದೋಳು. ಭಕ್ತಿ ಇದ್ದೋರ್ಗೆ ಕಾಲು ನೋಯಾಕಿಲ್ಲ ಕಣಮ್ಮ" ಎಂದರು.

"ಅಕ್ಕ, ಅದು ಭಕ್ತಿಯಲ್ಲ, ನರ ಸತ್ತಿದೆ" ಎಂದೆ.

"ಬೆಳಗ್ಗೆ ಎದ್ದು ಗಂಡನ ಬಗ್ಗೆ ಸತ್ತದ್ದು ಕೆಟ್ಟದ್ದು ಅನ್ಬಾರ್ದು" ಎಂದು ಹೋಗಿ ಒಲೆಯ ಮುಂದೆ ಕೂತರು.

ಈ ಮಾತು ಡೈರಿ ಸೆಕ್ರೆಟರಿಯ ಕಿವಿಗೂ ಬಿತ್ತು. ಅವರು ನಮ್ಮ ತಂಡದ ಮುಂದಾಳು, ನಮ್ಮೂರ ಹಾಲಿನ ಡೈರಿಯಲ್ಲಿ ಸೆಕ್ರೆಟರಿಯಾಗಿದ್ದು ಬಿಟ್ಟವರು. ಕೆಟ್ಟ ಮನುಷ್ಯರಲ್ಲ. ಆದರೆ ಅವರಿಗೆ ದಾರಿಯಲ್ಲಿ ಪ್ರತಿ ವರ್ಷ ಒಂದು ಪವಾಡ ಬೇಕಿತ್ತು. ಹಿಂದಿನ ವರ್ಷ ಒಂದು ಬೀದಿನಾಯಿ ಬಾಣಾವರದಿಂದ ಘಟ್ಟದ ತನಕ ಹಿಂದೆ ಬಂತಂತೆ, ಅದಕ್ಕೆ ಹಾರ ಹಾಕಿದ್ದರಂತೆ. ಈ ವರ್ಷಕ್ಕೆ ನಮ್ಮವರು ಸಿಕ್ಕರು. ಸೆಕ್ರೆಟರಿ ಬಂದು ಬಗ್ಗಿ ನಮ್ಮವರ ಅಂಗಾಲು ನೋಡಿ, ಒಡೆದ ಗುಳ್ಳೆಯನ್ನು ಬೆರಳಲ್ಲಿ ಒತ್ತಿ, "ನೋಯ್ತದ ಗೌಡ್ರೇ?" ಎಂದರು. ನಮ್ಮವರು ನಕ್ಕರು. ಸೆಕ್ರೆಟರಿ ಸ್ವಾಮಿಯ ಪಟವನ್ನು ತಮ್ಮ ಕೈಯಿಂದ ತೆಗೆದು ನಮ್ಮವರ ಕೈಗೆ ಕೊಟ್ಟು, ಇವತ್ತು ಮುಂದೆ ನಡೆಯುವವರು ನೀವೇ ಎಂದರು.

ಮದುವೆಯಾದಾಗಿನಿಂದ ನಮ್ಮವರ ಮುಖದಲ್ಲಿ ನಾನು ಅಂಥ ಸಂತೋಷ ಕಂಡಿರಲಿಲ್ಲ. ಮಂಡಿಯಲ್ಲಿ ಅವರ ಮಾತು ನಡೆಯುತ್ತಿರಲಿಲ್ಲ, ತಮ್ಮಂದಿರದೇ ಕಾರುಬಾರು. ಮನೆಯಲ್ಲಿ ನನ್ನ ಸಂಬಳ ಅವರ ಕಣ್ಣು ಚುಚ್ಚುತ್ತಿತ್ತು. ಈಗ ಪಟ ಹಿಡಿದುಕೊಂಡು ಎದೆ ಸೆಟೆಸಿ ನಿಂತರು. ನನಗೆ ಹೊಟ್ಟೆ ಉರಿಯಿತು. ಆ ಸಂತೋಷ ಕಂಡು ಅಲ್ಲ, ಅದು ಬಂದ ದಾರಿ ಕಂಡು.

ಬಿಸಿಲೇರಿದ ಹಾಗೆ ಟಾರು ಕಾಯತೊಡಗಿತು. ರಾಗಿ ಕೊಯ್ದ ಹೊಲಗಳು, ನಡುನಡುವೆ ತೆಂಗಿನ ತೋಟ, ಅದರ ನೆರಳು ರಸ್ತೆಗೆ ಬೀಳದಷ್ಟು ದೂರ. ಎಲ್ಲರೂ ರಸ್ತೆಯಂಚಿನ ಮಣ್ಣಿಗೆ ಇಳಿದು, ಹುಲ್ಲು ಹುಡುಕಿ ಕಾಲಿಡುತ್ತಿದ್ದರು. ನಮ್ಮವರು ಮಾತ್ರ ಟಾರಿನ ನಡುಮಧ್ಯೆ ಪಟ ಹಿಡಿದು ಮೆರವಣಿಗೆಯ ಬಸವನಂತೆ ನಡೆದರು. "ರೀ, ಮಣ್ಣಿಗೆ ಇಳೀರಿ, ಸುಡುತ್ತೆ" ಎಂದು ಹಿಂದಿನಿಂದ ಕೂಗಿದೆ. ಯಾರೋ ನಕ್ಕರು. ಅವರಿಗೆ ಸುಡುತ್ತಿರಲಿಲ್ಲ, ಸುಟ್ಟದ್ದು ಕಾಣುತ್ತಿದ್ದದ್ದು ನನಗೆ.

ದಾರಿಯಲ್ಲಿ ಊರಿನವರು ಪೆಂಡಾಲು ಹಾಕಿ ಪಾನಕ, ಮಜ್ಜಿಗೆ, ಕೋಸಂಬರಿ ಕೊಡುತ್ತಿದ್ದರು. ಬೆಲ್ಲದ ಪಾನಕ. ನಮ್ಮವರು ಲೋಟದ ಮೇಲೆ ಲೋಟ ಏರಿಸಿದರು. ಬೇಡ ಎಂದರೆ, "ಪ್ರಸಾದ ಕಣೇ, ಪ್ರಸಾದದಲ್ಲಿ ಸಕ್ಕರೆ ಇರಾಕಿಲ್ಲ" ಎಂದರು. ಕೊಡುತ್ತಿದ್ದವನೂ ಹೌದು ಹೌದು ಎಂದು ಇನ್ನೊಂದು ಲೋಟ ಬಗ್ಗಿಸಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಜೊತೆ ವಾದ ಹೇಗೆ ಮಾಡುವುದು?

ಆ ಪೆಂಡಾಲು ದಾಟಿದ ಮೇಲೆ ಟಾರಿನ ಮೇಲೆ ಗುರುತು ಕಂಡೆ. ಕಂದುಬಣ್ಣದ ಸಣ್ಣ ಗುರುತು, ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ. ಎಲೆಯಡಿಕೆ ಉಗುಳಿರಬೇಕು ಅಂದುಕೊಂಡೆ. ಆದರೆ ಅದು ನಿಲ್ಲದೆ ಮುಂದಕ್ಕೆ ಹೋಗುತ್ತಲೇ ಇತ್ತು, ನಮ್ಮವರ ಬಲಗಾಲಿನ ತನಕ. ಗುಳ್ಳೆಯ ನೋವನ್ನು ಮರೆತು ಓಡಿದೆ. "ನಿಲ್ಲಿ, ಕಾಲು ತೋರಿಸಿ, ರಕ್ತ ಬರ್ತಿದೆ" ಎಂದು ತೋಳು ಹಿಡಿದೆ. ಅವರು ಕೊಡವಿಕೊಂಡರು. ಪಟ ಹಿಡಿದವರು ದಾರಿಯಲ್ಲಿ ನಿಲ್ಲುವ ಹಾಗಿಲ್ಲವಂತೆ. ಅಷ್ಟು ಹೊತ್ತಿಗೆ ಹಿಂದಿದ್ದವರು ಬಂದು ಗುರುತು ನೋಡಿದರು. ನನ್ನ ಅತ್ತಿಗೆ ಬಗ್ಗಿ ಅದನ್ನು ಬೆರಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅವರನ್ನು ನೋಡಿ ಇನ್ನಿಬ್ಬರು ಹೆಂಗಸರು ಒತ್ತಿಕೊಂಡರು. ನಾನು ನಡುರಸ್ತೆಯಲ್ಲಿ ನಿಂತು, ನನ್ನ ಗಂಡನ ರಕ್ತವನ್ನು ಜನ ಕುಂಕುಮದ ಹಾಗೆ ಮುಟ್ಟುವುದನ್ನು ನೋಡಿದೆ. ನಿಮಗೆಲ್ಲಾ ಬುದ್ಧಿ ಇದೆಯಾ ಎಂದು ಕೂಗಿದೆ. ಅವರು ನನ್ನನ್ನು ಬಳಸಿಕೊಂಡು ಮುಂದೆ ನಡೆದರು.

ಹಳೇಬೀಡಿನ ಕೆರೆಯ ಹತ್ತಿರ ಊಟಕ್ಕೆ ಇಳಿದೆವು. ಮುಂದೆ ಹೋಗಿದ್ದ ಲಗೇಜ್ ಗಾಡಿಯವರು ಮರದಡಿ ಜಮಖಾನ ಹಾಸಿದ್ದರು. ದೇವಸ್ಥಾನ ನೋಡಲು ಬಂದ ಟೂರಿಸ್ಟ್ ಬಸ್ಸುಗಳ ಸಾಲು, ಎಳನೀರು ಮಾರುವವರ ಕೂಗು. ನಮ್ಮವರು ಉಂಡವರೇ ಅಂಗಾತ ಮಲಗಿ ಗೊರಕೆ ಹೊಡೆದರು. ಕಾಲೊತ್ತುವವಳ ಹಾಗೆ ಹತ್ತಿರ ಕೂತು ಬಲಗಾಲನ್ನು ತೊಡೆಯ ಮೇಲೆ ಎತ್ತಿಕೊಂಡೆ. ಅಂಗಾಲು ಮಣ್ಣು, ರಕ್ತ, ಟಾರು ಮೆತ್ತಿಕೊಂಡು ಕಪ್ಪಾಗಿತ್ತು. ನೀರಲ್ಲಿ ಹತ್ತಿ ಅದ್ದಿ ಒರೆಸಿದೆ. ಹೆಬ್ಬೆರಳ ಕೆಳಗೆ ಒಂದು ತೂತು ಕಂಡಿತು. ಸೆರಗಿನ ಪಿನ್ನು ತೆಗೆದು ಮೀಟಿದೆ. ಜಾಲಿ ಮುಳ್ಳು, ಬೆರಳುದ್ದದ್ದು, ಮುರಿಯದೆ ಇಡಿಯಾಗಿ ಒಳಗೆ ಕೂತಿತ್ತು. ಅದನ್ನು ಎಳೆಯುವಾಗ ನಾನು ಹಲ್ಲು ಕಚ್ಚಿಕೊಂಡೆ. ಅವರ ಗೊರಕೆ ನಿಲ್ಲಲಿಲ್ಲ.

ಅವರನ್ನು ಎಬ್ಬಿಸಿ ಮುಳ್ಳು ತೋರಿಸಿದೆ. "ಇದು ನಿಮ್ಮ ಕಾಲಲ್ಲಿತ್ತು. ನಿಮಗೆ ಗೊತ್ತೇ ಆಗಿಲ್ಲ. ಡಾಕ್ಟ್ರು ಇದನ್ನೇ ಹೇಳಿದ್ದು. ಹಾಸನಕ್ಕೆ ಬಸ್ಸಿದೆ, ಏಳಿ. ಒಂದು ಇಂಜೆಕ್ಷನ್ ಹಾಕಿಸಿಕೊಂಡು, ಗಾಯಕ್ಕೆ ಕಟ್ಟಿಸಿಕೊಂಡು ಬರೋಣ. ಕೈ ಮುಗೀತೀನಿ" ಎಂದೆ. ನಿಜಕ್ಕೂ ಕೈ ಮುಗಿದೆ.

ಅವರು ಮುಳ್ಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಂದು ಗಳಿಗೆ ಅವರ ಮುಖ ಸಣ್ಣದಾಯಿತು. ಹೆದರಿದರು, ಅದು ನನಗೆ ಸ್ಪಷ್ಟವಾಗಿ ಕಂಡಿತು. ಆ ಒಂದು ಗಳಿಗೆ ಅಲ್ಲಿ ನಾವಿಬ್ಬರೇ ಇದ್ದಿದ್ದರೆ ಎದ್ದು ಬರುತ್ತಿದ್ದರು. ಆದರೆ ಸೆಕ್ರೆಟರಿ ಬಂದು ಮುಳ್ಳನ್ನು ಕೈಗೆ ತೆಗೆದುಕೊಂಡರು. ಅದು ಕೈಯಿಂದ ಕೈಗೆ ಹೋಯಿತು. ಇಷ್ಟುದ್ದದ ಮುಳ್ಳು ಚುಚ್ಕೊಂಡು ಜಾವಗಲ್ ರಸ್ತೆಯಿಂದ ನಗ್ತಾ ಬಂದವ್ರೆ ಅಂದರೆ ಎಂದು ಒಬ್ಬರು, ಇದು ಮನುಷ್ಯರ ಕೈಲಿ ಆಗೋದಾ ಎಂದು ಇನ್ನೊಬ್ಬರು. ಸೆಕ್ರೆಟರಿ ಮುಳ್ಳನ್ನು ಹೂವಿನ ಜೊತೆ ಪೊಟ್ಟಣ ಕಟ್ಟಿ ಪಟದ ಹಿಂದೆ ಸಿಕ್ಕಿಸಿದರು. ನಮ್ಮವರ ಮುಖ ಮತ್ತೆ ಅರಳಿತು. ನನಗೆ ಆಗಲೇ ಗೊತ್ತಾಯಿತು, ಕಾಲು ಹೋಯಿತು ಎಂದು.

ಆದರೂ ಬಿಡಲಿಲ್ಲ. ಗಾಯಕ್ಕೆ ಮುಲಾಮು ಹಚ್ಚಿ ಪಟ್ಟಿ ಸುತ್ತಿದೆ. ಚೀಲದಿಂದ ಚಪ್ಪಲಿ ತೆಗೆದು ಮುಂದಿಟ್ಟೆ. ತಪ್ಪಾದದ್ದು ಅಲ್ಲೇ ಇರಬೇಕು, ಎಲ್ಲರ ಎದುರು ಇಟ್ಟದ್ದು. ಹರಕೆಯ ಕಾಲಿಗೆ ಚಪ್ಪಲಿ ತಂದಳಲ್ಲ ಎಂದು ಅತ್ತಿಗೆ ಕೆನ್ನೆ ಕೆನ್ನೆ ಬಡಿದುಕೊಂಡರು. ನಮ್ಮವರು ಎದ್ದವರೇ ಚಪ್ಪಲಿಗಳನ್ನು ಒಂದೊಂದಾಗಿ ಎತ್ತಿ ಕೆರೆಗೆ ಬೀಸಿದರು. ಆಮೇಲೆ ಕೂತು ಪಟ್ಟಿಯನ್ನೂ ಬಿಚ್ಚಿದರು.

"ಇವಳಿಗೆ ನಾಲ್ಕು ಜನ ನನ್ನ ಕಾಲಿಗೆ ಬೀಳೋದು ನೋಡಕ್ಕಾಗ್ತಿಲ್ಲ" ಎಂದು ಜನಕ್ಕೆ ಹೇಳಿದರು. "ಮನೇಲೂ ಹಿಂಗೇ. ತಾನು ಮೇಡಂ, ತಾನು ಓದ್ದೋಳು. ನಾನು ಅಂದ್ರೆ ಇವಳ ಪಾಲಿಗೆ ರೋಗ. ಗಂಡ ಸಾಯ್ಲಿ ಅಂತ ಕಾಯ್ತಾ ಕೂತವ್ಳೆ."

ಜಮಖಾನದ ಮೇಲೆ ಕೂತವರೆಲ್ಲ ನನ್ನನ್ನು ನೋಡಿದರು. ಅವರಲ್ಲಿ ಅರ್ಧ ಜನರ ಮಕ್ಕಳಿಗೆ ನಾನು ಅಕ್ಷರ ಕಲಿಸಿದ್ದೆ. ಒಬ್ಬರ ಬಾಯಿಂದಲೂ, ಹೋಗಲಿ ಬಿಡಿ ಗೌಡರೇ, ಅವರು ಹೇಳೋದನ್ನೂ ಕೇಳಿ ಎಂಬ ಮಾತು ಬರಲಿಲ್ಲ. ಚಪ್ಪಲಿ ಸ್ವಲ್ಪ ಹೊತ್ತು ತೇಲಿ ಪಾಚಿಯ ನಡುವೆ ನಿಂತಿತು. ನಾನು ಪಟ್ಟಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಹಾಸನದ ಬಸ್ಸು ನನ್ನ ಕಣ್ಣೆದುರೇ ಹೊರಟಿತು. ಹತ್ತಿ ಮನೆಗೆ ಹೋಗಿಬಿಡಲೇ ಅನ್ನಿಸಿತು. ಸಾಯಲಿ ಅಂತಲೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಅವರು ನನ್ನ ಬಾಯಿಗೆ ತುರುಕಿದ ಮಾತು ಅರ್ಧ ಗಂಟೆ ನಿಜವೇ ಆಗಿತ್ತು. ಆಮೇಲೆ ಎದ್ದು ಹಿಂದೆ ನಡೆದೆ.

ಹಳೇಬೀಡಿನಿಂದ ಬೇಲೂರಿನ ದಾರಿಯಲ್ಲಿ ನಾನು ತಂಡದ ಕೊನೆಯವಳು. ಗುಳ್ಳೆ ಒಡೆದು ಅಂಗಾಲಿನ ಚರ್ಮ ಸುಲಿದಿತ್ತು. ಮುಂದೆ ಹೋಗುತ್ತಿದ್ದ ಹೆಂಗಸರು ಆಗಾಗ ತಿರುಗಿ, "ಏನ್ ಮೇಡಂ, ಆಟೋ ಕರೀಲಾ?" ಎಂದು ನಗುವರು. ನಾನೂ ಬರಿಗಾಲಲ್ಲೇ ಇದ್ದೆ, ಹಟಕ್ಕೆ. ಚಪ್ಪಲಿ ಹಾಕಿದರೆ ಅವರು ಗೆದ್ದ ಹಾಗಾಗುತ್ತಿತ್ತು.

ಅತ್ತ ಮುಂದೆ ಬೇರೆಯದೇ ಜಾತ್ರೆ. ಸೆಕ್ರೆಟರಿ ಒಂದೊಂದು ಊರ ಮುಂದೆಯೂ ಮುಳ್ಳಿನ ಕಥೆ ಹೇಳಿದರು. ಹೇಳಿದ ಹಾಗೆಲ್ಲ ಮುಳ್ಳು ಉದ್ದವಾಯಿತು. ಒಂದು ಕಡೆ ಮನೆಯ ಮುಂದೆ ಒಬ್ಬ ಅಜ್ಜಿ ಹಿತ್ತಾಳೆ ತಟ್ಟೆ ತಂದು ನಮ್ಮವರ ಕಾಲು ತೊಳೆದರು, ಅರಿಸಿನ ಹಚ್ಚಿದರು, ಹಣೆಯನ್ನು ಆ ಪಾದಕ್ಕೆ ತಗುಲಿಸಿ ಬಹಳ ಹೊತ್ತು ಎತ್ತಲಿಲ್ಲ. ಅಷ್ಟು ಹೊತ್ತಿಗೆ ನಾನು ಮಾತು ಕೇಳಿಸುವಷ್ಟು ಹತ್ತಿರ ಬಂದಿದ್ದೆ. ಅವರ ಮೊಮ್ಮಗಳಿಗೆ ಮಾತು ಬರುವುದಿಲ್ಲವಂತೆ. ನಮ್ಮವರು ಆ ಮಗುವಿನ ತಲೆಯ ಮೇಲೆ ಕೈಯಿಟ್ಟು, "ಬತ್ತದೆ ಬಿಡವ್ವ" ಎಂದರು. ಅಷ್ಟು ಮೃದುವಾಗಿ ಅವರು ನಮ್ಮ ಮನೆಯಲ್ಲಿ ಯಾರೊಡನೆಯೂ ಮಾತಾಡಿದ್ದಿಲ್ಲ. ನಾನು ಆ ಮನೆಯ ಮುಂದೆ ಹಾದುಹೋಗುವಾಗ ಅಜ್ಜಿ ತಟ್ಟೆಯ ನೀರನ್ನು ಮಗುವಿಗೆ ಕುಡಿಸುತ್ತಿದ್ದರು. ನಾನು ನಿಂತು ಬೇಡಿ ಅಂದೆ. ಸುತ್ತ ನಿಂತವರು ನೀವ್ಯಾರು ಎಂದು ಕೇಳಿದರು. ಅವರ ಹೆಂಡತಿ ಎಂದೆ. ನಂಬಲಿಲ್ಲ.

ಬೇಲೂರು ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ನಮಗೆ ತಂಗಲು ಗೊತ್ತುಮಾಡಿದ್ದು ಒಂದು ಕಲ್ಯಾಣ ಮಂಟಪ. ನಡೆದುಬಂದವರಿಗೆ ಬಿಸಿನೀರಲ್ಲಿ ಉಪ್ಪು ಹಾಕಿ ಕಾಲು ನೆನೆಸುವ ಪದ್ಧತಿ ಇತ್ತು. ಹಿಂದಿನ ಅಂಗಳದಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಹಂಡೆ ಕುದಿಯುತ್ತಿರುತ್ತದೆ. ಬಕೆಟ್ಟಿಗೆ ಹಂಡೆಯ ನೀರು ಹಾಕಿ, ತಣ್ಣೀರು ಬೆರೆಸಿ, ಕೈಯಲ್ಲಿ ಹದ ನೋಡಿ ಕಾಲಿಡುತ್ತಾರೆ. ಮೊದಲ ದಿನ ಜಾವಗಲ್ಲಿನಲ್ಲಿ ನಮ್ಮವರಿಗೆ ಹದ ನೋಡಿ ಕೊಟ್ಟವಳು ನಾನು. ಈ ಎರಡನೆಯ ದಿನ ನಾನು ಎಲ್ಲರಿಗಿಂತ ಹಿಂದೆ, ಇನ್ನೂ ಬಸ್ ಸ್ಟ್ಯಾಂಡಿನ ಹತ್ತಿರ ಗೋಡೆ ಹಿಡಿದುಕೊಂಡು ಬರುತ್ತಿದ್ದೆ.

ನಡೆದದ್ದನ್ನು ಆಮೇಲೆ ಕೇಳಿ ತಿಳಿದೆ. ಪಟ ಹೊತ್ತು ಬಂದವರಿಗೆ ಮೊದಲ ನೀರು ಎಂದು ಅತ್ತಿಗೆ ಕುದಿಯುವ ನೀರನ್ನು ಒಂದು ಬಕೆಟ್ಟಿಗೆ ಹೊಯ್ದರು. "ತಡಿಯಪ್ಪ, ತಣ್ಣೀರು ತತ್ತೀನಿ" ಎಂದು ನಲ್ಲಿಯ ಕಡೆಗೆ ಹೋದರು. ನಲ್ಲಿಯ ಮುಂದೆ ಸಾಲು. ಇತ್ತ ನಮ್ಮವರು ಯಾರಿಗೋ ಏನೋ ಹೇಳುತ್ತಾ, ಮಾತಿನ ಭರದಲ್ಲಿ ಬಲಗಾಲನ್ನು ಎತ್ತಿ ಬಕೆಟ್ಟಿಗೆ ಇಳಿಬಿಟ್ಟರು. ಇಟ್ಟವರು ತೆಗೆಯಲಿಲ್ಲ. ಮಾತು ಮುಂದುವರಿಸಿದರು.

ಯಾರಾದರೂ ಎಳೆದು ತೆಗೆಯಬಹುದಿತ್ತು. ಅಂಗಳದ ತುಂಬ ಜನ ಇದ್ದರು. ನಾನು ಒಳಗೆ ಬಂದಾಗ ಅವರೆಲ್ಲ ಸುತ್ತ ನಿಂತು ಕೈ ಮುಗಿದುಕೊಂಡಿದ್ದರು. ಒಬ್ಬಿಬ್ಬರ ಕಣ್ಣಲ್ಲಿ ನೀರಿತ್ತು. ಸೆಕ್ರೆಟರಿ ಮೆಲ್ಲಗೆ ಸ್ವಾಮಿಯ ಹೆಸರು ಹೇಳುತ್ತಿದ್ದರು. ಅತ್ತಿಗೆ ತಣ್ಣೀರಿನ ಚೊಂಬು ಹಿಡಿದುಕೊಂಡು ಅಲ್ಲೇ ನಿಂತಿದ್ದರು, ಹೊಯ್ಯದೆ. ನಡುವೆ ನಮ್ಮವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಬಕೆಟ್ಟಿನಿಂದ ಹಬೆ ಅವರ ಮಂಡಿಯ ತನಕ ಏರುತ್ತಿತ್ತು. ನನ್ನನ್ನು ಕಂಡು, "ಬಾ, ನೋಡು ಬಾ. ಈಗ್ಲಾದ್ರೂ ನೋಡು" ಎಂದರು.

ನಾನು ಬಕೆಟ್ಟನ್ನು ಒದ್ದೆ. ನೀರು ನನ್ನ ಪಾದದ ಮೇಲೂ ಚೆಲ್ಲಿತು, ನಾನು ಕಿರುಚಿದೆ. ನನಗೆ ನರ ಇತ್ತಲ್ಲ. ನಾಲ್ಕು ಜನ ನನ್ನನ್ನು ಹಿಡಿದು ಹಿಂದಕ್ಕೆ ಎಳೆದರು. ಪಾಪಿ ಮುಂಡೆ ಎಂದು ಯಾರೋ ಬೈದರು. ಅಷ್ಟರಲ್ಲಿ ನಮ್ಮವರು ನನಗೆ ಹೊಡೆಯಲು ಎದ್ದು ಬಲಗಾಲನ್ನು ಕಲ್ಲುಹಾಸಿನ ಮೇಲೆ ಊರಿದರು. ಬೆಂದ ಆಲೂಗಡ್ಡೆಯ ಸಿಪ್ಪೆ ಬೆರಳಿಗೆ ಬರುವ ಹಾಗೆ ಹಿಮ್ಮಡಿಯ ಚರ್ಮ ಕಲ್ಲಿಗೆ ಅಂಟಿಕೊಂಡು ಉಳಿಯಿತು. ಅವರು ಇನ್ನೊಂದು ಹೆಜ್ಜೆ ಇಟ್ಟರು. ಆಮೇಲೆ, ಎಲ್ಲರೂ ಎಲ್ಲಿ ನೋಡುತ್ತಿದ್ದಾರೆ ಎಂದು ತಾವೂ ಕೆಳಗೆ ನೋಡಿದರು.

ಕೈ ಮುಗಿದಿದ್ದವರು ಕೈ ಇಳಿಸಿ ಒಬ್ಬೊಬ್ಬರೇ ಒಳಗೆ ಹೋದರು. ಸೆಕ್ರೆಟರಿ ಪರೀಕ್ಷೆ, ಸ್ವಾಮಿಯ ಪರೀಕ್ಷೆ ಎಂದು ಎರಡು ಸಲ ಅಂದರು. ಅತ್ತಿಗೆ ಈಗ ಚೊಂಬಿನ ತಣ್ಣೀರನ್ನು ಆ ಕಾಲಿಗೆ ಹೊಯ್ಯಲು ಬಂದರು. ನಾನು ಚೊಂಬು ಕಿತ್ತುಕೊಂಡೆ.

ಲಗೇಜ್ ಗಾಡಿಯಲ್ಲಿ ಅಕ್ಕಿಮೂಟೆಯ ಪಕ್ಕ ಮಲಗಿಸಿಕೊಂಡು ಹೊರಟೆ. ಹಗರೆ ದಾಟುವ ತನಕ ನಮ್ಮವರು, ಗಾಡಿ ಹತ್ತಿಸಿ ಹರಕೆ ಕೆಡಿಸಿದೆ ಎಂದು ನನ್ನನ್ನು ಬಯ್ಯುತ್ತಲೇ ಇದ್ದರು. ಆಮೇಲೆ ಚಳಿ ಎಂದರು. ತಂಡದವರು ಯಾರೂ ಜೊತೆಗೆ ಬರಲಿಲ್ಲ. ಮರುದಿನದ ನಡಿಗೆ ತಪ್ಪಬಾರದಲ್ಲ. ಅವರ ಅಕ್ಕನೂ ಬರಲಿಲ್ಲ. "ನೀನು ಅವನ್ನ ನೋಡ್ಕೊ, ಅವನ ಹರಕೇನ ನಾನು ಮುಗಿಸ್ತೀನಿ" ಎಂದರು. ಮುಗಿಸಿದರು ಕೂಡ. ಕಾಲಿಗೆ ಏನೂ ಆಗದೆ ತಲುಪಿದರಂತೆ.

ಹಾಸನದ ಆಸ್ಪತ್ರೆಯಲ್ಲಿ ಮೊದಲು ಬೆರಳು ಎಂದರು. ಆಮೇಲೆ ಪಾದ ಎಂದರು. ಮುಳ್ಳಿನ ತೂತಿನಿಂದ ಕೀವು ಒಳಗೊಳಗೇ ಏರಿತ್ತು, ಸುಟ್ಟ ಚರ್ಮ ಅದಕ್ಕೆ ಬಾಗಿಲು ತೆರೆದಿತ್ತು, ಸಕ್ಕರೆ ಆಕಾಶಕ್ಕೆ ಹೋಗಿತ್ತು. ಕೊನೆಗೆ ಮಂಡಿಯ ಕೆಳಗೆ ತೆಗೆದರು. ಸಹಿ ಹಾಕಿದವಳು ನಾನು. ಡಾಕ್ಟರು ಎಲ್ಲರೆದುರು ನನಗೇ ಬೈದರು. "ನೀವು ಟೀಚರ್ ಅಲ್ವಾ? ಜೊತೆಯಲ್ಲೇ ಇದ್ರಂತೆ, ಏನು ಮಾಡ್ತಿದ್ರಿ?" ನಾನು ಏನು ಮಾಡುತ್ತಿದ್ದೆ ಎಂದು ಹೇಳಲು ಶುರುಮಾಡಿದೆ. ಅವರಿಗೆ ಮುಂದಿನ ಹಾಸಿಗೆಗೆ ಹೋಗಬೇಕಿತ್ತು, ಹೋದರು.

ಶಿವರಾತ್ರಿ ಮುಗಿಸಿ ತಂಡದವರು ಪ್ರಸಾದ ಹಿಡಿದುಕೊಂಡು ನೋಡಲು ಬಂದರು. ಸ್ವಾಮಿಗೆ ಆ ಪಾದ ಬೇಕಾಗಿತ್ತು, ತಗೊಂಡ ಎಂದರು ಸೆಕ್ರೆಟರಿ. ಅತ್ತಿಗೆ ಹಾಗನ್ನಲಿಲ್ಲ. ಬಕೆಟ್ಟು ಒದ್ದದ್ದಕ್ಕೇ ಹೀಗಾಯಿತು, ಅಲ್ಲಿಯ ತನಕ ಚೆನ್ನಾಗಿಯೇ ಇತ್ತು, ಎಲ್ಲರೂ ನೋಡಿದ್ದಾರೆ ಎಂದರು. ಬಂದವರು ಹೂಂಗುಟ್ಟಿದರು. ನಮ್ಮವರೂ ಕಣ್ಣು ಮುಚ್ಚಿಕೊಂಡೇ ಹೂಂಗುಟ್ಟಿದರು. ನನಗೆ ಸಿಟ್ಟೂ ಬರಲಿಲ್ಲ. ಅಷ್ಟು ದಣಿದಿದ್ದೆ.

ಅವರು ಹೋದ ಮೇಲೆ ಮಧ್ಯಾಹ್ನ ವಾರ್ಡು ಖಾಲಿಯಾಯಿತು. ನಾನು ಅವರಿಗೆ ಗಂಜಿ ಕುಡಿಸಿ ಲೋಟ ತೊಳೆದು ಬಂದೆ. ನಮ್ಮವರು ಅಳುತ್ತಿದ್ದರು. ಅವರು ಅಳುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಏನಾಯಿತು ಎಂದೆ.

"ನೋಯ್ತಾ ಐತೆ ಕಣೇ" ಎಂದರು. "ಬಲಗಾಲು. ಮುಳ್ಳು ಇನ್ನೂ ಒಳಗೇ ಐತೆ. ಸುಡ್ತಾನೂ ಐತೆ. ತಡ್ಕಳಕಾಗ್ತಿಲ್ಲ."

ನಾನು ಹೊದಿಕೆಯನ್ನು ನೋಡಿದೆ. ಮಂಡಿಯ ಕೆಳಗೆ ಅದು ಹಾಸಿಗೆಗೆ ಸಮನಾಗಿ ಬಿದ್ದಿತ್ತು. ಬಲಗಾಲು ಇಲ್ಲ ರೀ ಎಂದು ಹೇಳಿದೆ. ನರ್ಸನ್ನು ಕೇಳಿದೆ, ಕಾಲು ತೆಗೆದ ಮೇಲೂ ಕೆಲವರಿಗೆ ಹಾಗೆ ನೋಯುತ್ತೆ ಎಂದಳು. ಅದಕ್ಕೆ ಮಾತ್ರೆ ಇದೆಯಾ ಅಂದೆ, ಕೊಟ್ಟಿದ್ದೇವಲ್ಲ ಎಂದಳು.

ಅವರು ನನ್ನ ಕೈ ಹಿಡಿದುಕೊಂಡರು. "ಸ್ವಲ್ಪ ಒತ್ತೇ" ಎಂದರು. "ನಿನ್ ದಮ್ಮಯ್ಯ."

ಹಾಸಿಗೆಯ ಕೆಳತುದಿಗೆ ಹೋಗಿ ಕೂತೆ. ಮಂಡಿಯ ಕೆಳಗಿನ ಖಾಲಿ ಹೊದಿಕೆಯ ಮೇಲೆ ಎರಡೂ ಕೈಯಿಟ್ಟು ಹಾಸಿಗೆಯನ್ನು ಒತ್ತಿದೆ.

"ಅಲ್ಲಲ್ಲ" ಎಂದರು ನಮ್ಮವರು. "ಇನ್ನೂ ಕೆಳಕ್ಕೆ."